ಬೈದರೆ ಮುಂದಿನ ಸಾಲು

ಪೋಸ್ಟರಿನಲ್ಲಿ ತನ್ನ ಮುಖ ಎಲ್ಲಿದೆ ಎಂದು ಹುಡುಕಲು ಆಮ್ರಪಾಲಿ ಮೊಬೈಲಿನ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಬೇಕಾಯಿತು. ಮೇಲೆ ಅರ್ಧ ಪೋಸ್ಟರು ತುಂಬ ತಾಲೂಕಿನ ರಾಜಕೀಯ ಮುಖಂಡ ಮಹಾಂತೇಶ ಸಾವಕಾರರು ಕೈಮುಗಿದು ನಗುತ್ತಿದ್ದರು. ಅವರ ಹಿಂದೆ ಗುಲಾಬಿ ಪಕಳೆಗಳು ಉದುರುತ್ತಿದ್ದವು. ಎಡಗಡೆ ಒಂದು ಹುಲಿ, ಯಾಕೆ ಅಂತ ಮಾತ್ರ ಕೇಳಬೇಡಿ, ಬಾಯಿ ತೆರೆದು ನಿಂತಿತ್ತು. ನಡುವೆ ಬಂಗಾರದ ಬಣ್ಣದಲ್ಲಿ ‘ಸಾವಕಾರರ ಮಾರ್ಗದರ್ಶನದಲ್ಲಿ ಹೊರಬಂದ ಕೃತಿ’ ಎಂದಿತ್ತು. ತೀರ ಕೆಳಗೆ, ‘ಶುಭ ಕೋರುವವರು’ ಎಂಬ ಸಾಲಿನಲ್ಲಿ, ಹಾಲಿನ ಡೇರಿಯ ಅಧ್ಯಕ್ಷರಿಗೂ ಜಿಮ್ ನಡೆಸುವ ಹುಡುಗನಿಗೂ ನಡುವೆ, ಅಂಚೆಚೀಟಿಯಷ್ಟು ಅವಳಿದ್ದಳು. ತಾನೇ ಬರೆದ ಪುಸ್ತಕಕ್ಕೆ ತಾನೇ ಶುಭ ಕೋರುತ್ತಿದ್ದಳು.

ಘಟಪ್ರಭಾದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಸುತ್ತಲಿನ ಹಳ್ಳಿಯವರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಆದರೆ ಅವಳು ಕಥೆ ಬರೆಯುತ್ತಾಳೆ ಎಂಬುದು ಆ ಹಳ್ಳಿಯವರಿಗೂ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳ ಪುಸ್ತಕ ಕಬ್ಬು ಕಡಿಯುವ ಹೆಂಗಸರ ಕಥೆಗಳ ಸಂಕಲನ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಗರಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಳು, ‘ರವದಿ’ ಅಂತ. ಅಚ್ಚು ಹಾಕಿದ ಧಾರವಾಡದ ಪ್ರಕಾಶಕರು ಪುಸ್ತಕದ ಕಟ್ಟು ಕಳಿಸಿ, ಮೇಡಮ್, ಈಗ ಲೇಖಕರೇ ಜನರ ಮೊಬೈಲಿನೊಳಗೆ ಹೋಗಿ ಕೂರಬೇಕು, ನಮ್ಮಿಂದ ಏನೂ ಆಗುವುದಿಲ್ಲ ಎಂದು ಕೈತೊಳೆದುಕೊಂಡಿದ್ದರು. ಅವಳೂ ತನ್ನದೊಂದು ಪೇಜು ತೆರೆದು ಪ್ರಯತ್ನಪಟ್ಟಳು. ಪುಸ್ತಕದ ಪಕ್ಕ ಚಹಾದ ಕಪ್ಪು ಇಟ್ಟು ಫೋಟೋ ಹಾಕಿದಳು, ದಾಸವಾಳ ಇಟ್ಟು ಹಾಕಿದಳು. ಲ್ಯಾಬಿನವರು ನಾಲ್ಕು ಮಂದಿ ಹೃದಯದ ಗುರುತು ಒತ್ತಿ ಸುಮ್ಮನಾದರು.

ಆಗ ತಮ್ಮ ಶುಭಮ್ ಮುಂದೆ ಬಂದ. ಹುಕ್ಕೇರಿಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಯಾರ ಹುಟ್ಟುಹಬ್ಬ ಇರಲಿ, ಯಾರ ಗೃಹಪ್ರವೇಶ ಇರಲಿ, ಅವನ ಕೈಯಿಂದಲೇ ಬ್ಯಾನರು ಏಳಬೇಕು. ಸಾವಕಾರರ ಮೊಬೈಲ್ ಪ್ರಚಾರವೂ ಅವನದೇ. ಅಕ್ಕನ ಪೇಜಿನ ಪಾಸ್‌ವರ್ಡ್ ಇಸಿದುಕೊಂಡು, ಪಾಪ, ಪ್ರೀತಿಯಿಂದಲೇ ತನಗೆ ಬರುವುದನ್ನು ಮಾಡಿದ್ದ. ದೊಡ್ಡವರ ಮುಖ ಮೇಲಿಟ್ಟರೆ ಸಾವಿರಾರು ಮಂದಿ ನೋಡುತ್ತಾರೆ ಎನ್ನುವುದು ಅವನ ವಿದ್ಯೆ. ನೋಡಿದರು ಕೂಡ. ಕೆಳಗೆ ‘ಜೈ ಸಾವಕಾರ್’, ‘ನಮ್ಮ ಹುಲಿ’ ಎಂದು ಜನ ಸಾಲುಗಟ್ಟಿ ಬರೆದಿದ್ದರು. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಒಬ್ಬನೂ ಕೇಳಿರಲಿಲ್ಲ.

ಆಮ್ರಪಾಲಿಗೆ ಮೈ ಉರಿದುಹೋಯಿತು. ಉರಿಯಲು ಇನ್ನೊಂದು ಕಾರಣವಿತ್ತು. ಪುಸ್ತಕದ ಮೊದಲ ಕಥೆ ‘ಹೊರಿ’ ಅವಳ ತಾಯಿ ಸಾತವ್ವನದು. ಸಾತವ್ವ ವಯಸ್ಸಿನಲ್ಲಿದ್ದಾಗ ಕಬ್ಬಿನ ಹೊರೆ ಹೊತ್ತು ಏಣಿ ಹತ್ತಿ ಟ್ರ್ಯಾಕ್ಟರಿಗೆ ತುಂಬುತ್ತಿದ್ದವಳು. ಆ ಟ್ರ್ಯಾಕ್ಟರು ಇದೇ ಮಹಾಂತೇಶ ಸಾವಕಾರರ ಅಪ್ಪನದಾಗಿತ್ತು. ಕಥೆಯಲ್ಲಿ ಯಾರ ಹೆಸರೂ ಇರಲಿಲ್ಲ. ಓದದವರಿಗೆ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು?

ಅವಳು ತಮ್ಮನಿಗೆ ಫೋನು ಹಚ್ಚಿ ಪೋಸ್ಟರು ತೆಗೆ ಎಂದಳು. ಅವನು ಗಾಬರಿಯಾದ. ಸಾವಕಾರರೇ ನೋಡಿ ಖುಷಿಪಟ್ಟಿದ್ದಾರೆ, ಈಗ ತೆಗೆದರೆ ಅಂಗಡಿಗೆ ಕಲ್ಲು ಬೀಳುತ್ತದೆ, ಚುನಾವಣೆ ಬೇರೆ ಹತ್ತಿರ ಬಂತು ಎಂದೆಲ್ಲ ಬಡಬಡಿಸಿದ.

“ಶುಭ್ಯಾ, ಮಾರ್ಗದರ್ಶನ ಯಾರ ಮಾಡ್ಯಾರು? ಹೊರಿ ಹೊತ್ತಾಕಿ ಅವ್ವ, ಬರದಾಕಿ ನಾ. ಆ ಹುಲಿ ಏನ ಮಾಡೇತಿ ಇದರಾಗ?”

ಆಮ್ರಪಾಲಿ ಫೋನಿಟ್ಟಳು. ಅವಳು ಪಾಸ್‌ವರ್ಡ್ ಬದಲಿಸಿ, ಪೋಸ್ಟರನ್ನು ತನ್ನ ಪೇಜಿನಿಂದ ಕಿತ್ತುಹಾಕಿದಳು. ಊಟದ ಬಿಡುವಿನಲ್ಲಿ ಲ್ಯಾಬಿನ ಬಿಳಿ ಕೋಟಿನಲ್ಲೇ ನಿಂತು, ಮೊಬೈಲನ್ನು ಔಷಧದ ಡಬ್ಬಿಗೆ ಆನಿಸಿ, ‘ಹೊರಿ’ ಕಥೆಯ ಮೊದಲ ಸಾಲು ಓದಿ ವಿಡಿಯೋ ಹಾಕಿದಳು: “ಆ ವರ್ಸ ಕಬ್ಬ ಆನಿ ಎತ್ತರ ಬೆಳದಿತ್ತು, ಕಡ್ಯಾವ್ರು ಕುಳ್ಳಾಗಿದ್ದಿವಿ.” ಇದನ್ನು ಬರೆದವಳು ನಾನು, ಇದು ನನ್ನ ಮುಖ ಎಂದು ಕೊನೆಗೆ ಸೇರಿಸಿದಳು.

ಸಂಜೆಯೊಳಗೆ ಸಾವಕಾರರ ಹುಡುಗರು ಅವಳ ಪೇಜಿಗೆ ಬಂದೇಬಿಟ್ಟರು. ಅಣ್ಣನ ಫೋಟೋ ತೆಗೆಯುವಷ್ಟು ಸೊಕ್ಕೇ ಎಂದು ಒಬ್ಬ ಬರೆದ. ಆಮ್ರಪಾಲಿ ಖಾರವಾದ ಉತ್ತರವೊಂದನ್ನು ಬರೆದು, ನೋಡಿ, ಅಳಿಸಿದಳು. ಇವನಿಗೇಕೆ ನನ್ನ ಮಾತು ಖರ್ಚು ಮಾಡಲಿ ಅನ್ನಿಸಿತು. ಹಠಕ್ಕೆ ಬಿದ್ದು ಅವನ ಬೈಗುಳದ ಕೆಳಗೆ ಕಥೆಯ ಎರಡನೆಯ ಸಾಲು ಹಾಕಿದಳು. ಅವನು ತಬ್ಬಿಬ್ಬಾಗಿ, ಇದೇನಿದು, ತಲೆ ಕೆಟ್ಟಿದೆಯೇ ಎಂದ. ಮೂರನೆಯ ಸಾಲು ಹಾಕಿದಳು. ಇನ್ನೊಬ್ಬ ಬಂದು ಲೇಖಕಿಯಂತೆ, ಮೊದಲು ಸರಿಯಾಗಿ ಕನ್ನಡ ಕಲಿ ಎಂದ. ಅವನಿಗೂ ಒಂದು ಸಾಲು ಸಂದಾಯವಾಯಿತು. ಬೈದವರಿಗೆಲ್ಲ ಒಂದೊಂದು ಸಾಲು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಾರನೆಯ ದಿನ ಒಬ್ಬ, ನಿಮ್ಮ ಓಣಿಯವರೂ ಪುಸ್ತಕ ಬರೆಯುವ ಕಾಲ ಬಂತೇ ಎಂದು ಬರೆದಿದ್ದ. ಅದನ್ನು ಅವಳು ಎರಡು ಸಲ ಓದಿದಳು. ಅಳು ಬರಲಿಲ್ಲ, ಸಿಟ್ಟೇ ಬಂತು. ಕಥೆಯ ಮುಂದಿನ ಸಾಲು ಯಾವುದೆಂದು ನೋಡಿದಳು. ಅದು ಅವನಿಗಾಗಿಯೇ ಕಾದು ಕುಳಿತಂತಿತ್ತು. “ಟ್ಯಾಕ್ಟರಿನ ಮ್ಯಾಲ ತಂಪ ನೀರಿನ ಕೊಡಾ ಇತ್ತು, ಅದನ್ನ ನಾವ ಮುಟ್ಟೂವಂಗಿರಲಿಲ್ಲ.” ಅವನು ಆಮೇಲೆ ತಿರುಗಿ ಬರಲಿಲ್ಲ. ಆದರೆ ಬೇರೆಯವರು ಬಂದರು. ಬೈಯಲು ಬಂದವರಲ್ಲ ಇವರು. ಬೈಗುಳ ದಾಟಿ ದಾಟಿ ಕಥೆ ಓದಲು ಬಂದವರು. ಗೋಕಾಕದ ಪುಸ್ತಕದಂಗಡಿಯವರು ಕೇಳಿದರು, ಅರಭಾವಿಯ ಕಾಲೇಜಿನ ಹುಡುಗಿಯರು ಹಂಚಿಕೊಂಡರು. ಧಾರವಾಡದ ಪ್ರಕಾಶಕರು ತಾವಾಗಿಯೇ ಫೋನು ಮಾಡಿ, ಇದ್ಯಾವ ತಂತ್ರ ಮೇಡಮ್ ಎಂದು ಕೇಳಿದರು. ಬೈಸಿಕೊಳ್ಳುವುದು ಸರ್ ಎಂದಳು ಆಮ್ರಪಾಲಿ.

ಸಾವಕಾರರು ಮಾತ್ರ ದಡ್ಡರಲ್ಲ. ತಮ್ಮ ಹುಡುಗರು ಬೈದಷ್ಟೂ ಆಕೆಯ ಪುಸ್ತಕ ಓಡುತ್ತಿದೆ ಎಂದು ಯಾರೋ ಹೇಳಿದ್ದೇ ತಡ, ಎಲ್ಲರ ಬಾಯಿಗೂ ಬೀಗ ಹಾಕಿಸಿದರು. ಬೈಗುಳ ನಿಂತಿತು. ಕಥೆಯೂ ನಿಂತಿತು, ಅದೂ ಎಲ್ಲಿ? “ಆಕಿ ಹೊರಿ ತೆಲಿಮ್ಯಾಲ ಇಟ್ಕೊಂಡ ಏಣಿ ಮುಂದ ನಿಂತಳು” ಎಂಬಲ್ಲಿ. ಯಾರಾದರೂ ಇನ್ನೊಂದಿಷ್ಟು ಬೈಯಿರಪ್ಪಾ, ಮುಂದೇನಾಯಿತು ನೋಡಬೇಕು ಎಂದು ಮೂಡಲಗಿಯ ಪೂನಮ್ ಎಂಬಾಕೆ ಬರೆದಳು. ಕೆಲವರು ಸಕ್ಕರೆ ಹಚ್ಚಿ ಬೈದು ನೋಡಿದರು. ಖರೇ ಬೈದವರಿಗಷ್ಟೇ ಸಾಲು ಎಂದು ಆಮ್ರಪಾಲಿ ಜಗ್ಗಲಿಲ್ಲ. ಒಳಗೊಳಗೆ ಅವಳಿಗೆ ದಿಗಿಲಾಗಿತ್ತು. ಬೈಗುಳಕ್ಕೆ ಹೆದರದವಳು ಈ ಮೌನಕ್ಕೆ ಹೆದರಿದಳು.

ಭಾನುವಾರ ಅವಳು ಕಣಗಲಾಕ್ಕೆ, ತಾಯಿಯ ಮನೆಗೆ ಹೋದಳು. ಶುಭಮ್ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ. ಸಾವಕಾರರ ಹುಟ್ಟುಹಬ್ಬದ ಬ್ಯಾನರುಗಳು ಈ ಸಲ ಅವನಿಗೆ ಬರುವುದು ಅನುಮಾನವಿತ್ತು. ಸಾತವ್ವ ಮೊದಲಿಂದಲೂ ಈ ಗದ್ದಲಕ್ಕೆ ವಿರುದ್ಧ. ಮುಚ್ಚಿಹೋದದ್ದನ್ನು ಯಾಕೆ ಕೆದಕುತ್ತೀ, ನಾವು ಇಲ್ಲೇ ಬಾಳಬೇಕು ಎಂದು ವಾರವೆಲ್ಲ ಫೋನಿನಲ್ಲಿ ಬೇಡಿಕೊಂಡಿದ್ದಳು. ಇವತ್ತೂ ಅದನ್ನೇ ಹೇಳುತ್ತಾಳೆ ಎಂದು ಆಮ್ರಪಾಲಿ ಕಿವಿ ಗಟ್ಟಿ ಮಾಡಿಕೊಂಡು ಕುಳಿತಳು. ಸಾತವ್ವ ಶೇಂಗಾ ಸುಲಿದು ಬುಟ್ಟಿ ತುಂಬಿಸುತ್ತಿದ್ದಳು.

“ಎಲ್ಲಿ ನಿಂತೈತಿ ಕಥಿ?” ಎಂದು ಕೇಳಿದಳು.

ಏಣಿಯ ಮುಂದೆ ಎಂದಳು ಮಗಳು. ಬೈಯುವವರನ್ನು ಸಾವಕಾರರು ತಡೆದದ್ದನ್ನು ಶುಭಮ್ ಹೇಳಿದ. ಸಾತವ್ವನ ಕೈ ನಿಂತಿತು.

“ಅವರಪ್ಪನೂ ಅಲ್ಲೇ ನಿಂದರಿಸಿದ್ದ,” ಎಂದಳು. ಆಮೇಲೆ ಮಗನ ಕಡೆ ತಿರುಗಿ, “ಮೊಬೈಲ ತಗಿ. ನಾ ಬೈತೇನಿ, ನೀ ಬರಿ.”

ಶುಭಮ್ ಅಕ್ಕನ ಮುಖ ನೋಡಿದ, ತಾಯಿಯ ಮುಖ ನೋಡಿದ. “ನನ್ನ ಮೊಬೈಲಿಂದ ಬರದ್ರ ಅಂಗಡಿ ಹೆಸರಲೇ ಹೋಗತೈತಿ ಅವ್ವಾ. ಸಾವಕಾರ್ರು ನೋಡತಾರು.”

“ನೋಡಲಿ. ನಿನ್ನ ಅಂಗಡ್ಯಾಗ ಊರ ಮಂದಿ ಮಾರಿ ಎಲ್ಲಾ ಬರತಾವು. ನಂದೊಂದ ಮಾತ ಬರಲಿ.”

ಅವನು ಗೋಡೆ ನೋಡಿದ, ಬಾಗಿಲು ನೋಡಿದ. ತಲೆ ಕೆರೆದುಕೊಂಡ. ಬ್ಯಾನರು ಹೋದರೆ ಹೋಗಲಿ ಎಂಬಂತೆ ಒಂದು ಉಸಿರು ಬಿಟ್ಟು ಮೊಬೈಲು ತೆಗೆದ. ಸಾತವ್ವ ಹೇಳಿದಳು, ಅವನು ಒಂದಕ್ಷರ ತಿದ್ದದೆ ಬರೆದ.

“ಆಮ್ರಪಾಲಿ, ಎಷ್ಟ ಸೊಕ್ಕ ನಿನಗ. ಹೊರಿ ಹೊತ್ತಾಕಿನ ಏಣಿ ಮುಂದ ಎಷ್ಟ ದಿನಾ ನಿಂದರಸ್ತಿ? ನನ್ನ ಕುತಗಿ ನೋಯಾಕತ್ತೈತಿ. ನಿಮ್ಮವ್ವ, ಸಾತವ್ವ, ಕಣಗಲಾ.”

ಎದುರಿಗೇ ಕುಳಿತಿದ್ದ ಆಮ್ರಪಾಲಿಯ ಮೊಬೈಲು ಸದ್ದು ಮಾಡಿತು. ಅವಳು ಓದಿದಳು. ಕಥೆಯ ಹೆಂಗಸಿಗೆ ಅವಳು ಹೆಸರಿಟ್ಟಿರಲಿಲ್ಲ. ಈಗ ಆ ಹೆಂಗಸೇ ಬಂದು ಸಹಿ ಹಾಕಿದ್ದಳು. ಕಣ್ಣು ತುಂಬಿ ಅಕ್ಷರ ಕಾಣದಾಯಿತು. ತೋಳಿನಲ್ಲೇ ಒರೆಸಿಕೊಂಡು ಮುಂದಿನ ಸಾಲು ಬರೆದಳು. ಬರೆದು, ತಾಯಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು: “ನೀರ ಕುಡ್ಯಾಕ ಕೊಡೂತನಕಾ ಈ ಹೊರಿ ಮ್ಯಾಲ ಏರೂದಿಲ್ಲ ಅಂತ ಹೇಳಿ, ಆಕಿ ಹೊರಿ ಕೆಳಗಿಟ್ಟಳು.”

ಸಾತವ್ವ ತಲೆ ಅಲ್ಲಾಡಿಸಿದಳು.

“ಇಡಲಿಲ್ಲ. ಅವನ ಕಾಲಾಗ ಒಗದಿದ್ನಿ. ಹಂಗ ಬರಿ.”

ಪುಸ್ತಕದಲ್ಲಿ ‘ಕೆಳಗಿಟ್ಟಳು’ ಎಂದೇ ಅಚ್ಚಾಗಿತ್ತು. ಆಮ್ರಪಾಲಿ ಆ ಪದವನ್ನು ಅಳಿಸಿ, ತಾಯಿ ಹೇಳಿದಂತೆ ಬರೆಯತೊಡಗಿದಳು. ಸಾತವ್ವ ಮತ್ತೆ ಶೇಂಗಾದ ಬುಟ್ಟಿ ಎಳೆದುಕೊಂಡಳು.