ಪೋಕರ್ ಕಲಿಸಿದವನು

ಥಂಡರ್ ಬೇ ಊರಿನ ನಿವೃತ್ತ ನರ್ಸ್ ಮಾರ್ಲೀನ್ ಕಿವೆಲಾಗೆ ಆನ್‌ಲೈನಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಕಲಿಸುತ್ತಿದ್ದವನು ರಾಸ್. ಅವನ ಮುಖ ಅವಳು ಕಂಡವಳಲ್ಲ, ಫೋನಿನ ದನಿಯಷ್ಟೇ ಪರಿಚಯ. ಪಾಠಕ್ಕೆಂದು ತನ್ನ ಕಂಪ್ಯೂಟರಿನ ಪರದೆ ಅವನಿಗೂ ಕಾಣುವಂತೆ ಅವಳೇ ಮಾಡಿಕೊಟ್ಟಿದ್ದಳು.

ಆಟವೇನೋ ಸುಧಾರಿಸಿತು. ಆದರೆ ‘ನಾರ್ತ್‌ವಿಂಡ್’ ಎಂಬ ಹೆಸರಿನಲ್ಲಿ ಆಡುತ್ತಿದ್ದವನೊಬ್ಬನನ್ನು ಮಾತ್ರ ಗೆಲ್ಲಲಾಗಲಿಲ್ಲ. ಅವಳಿಗೆ ಒಳ್ಳೆಯ ಎಲೆ ಬಂದಾಗಲೆಲ್ಲ ಅವನು ಆಟ ಬಿಡುತ್ತಿದ್ದ. ಅವಳು ಸುಮ್ಮನೆ ಧೈರ್ಯ ನಟಿಸಿದಾಗಲೆಲ್ಲ ಪಣ ಏರಿಸುತ್ತಿದ್ದ. ವಾರವಿಡೀ ಹೀಗೇ ಆದಾಗ ಅವಳಿಗೆ ಅನುಮಾನ ಹುಟ್ಟಿತು.

ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಆರಿಸಿ ಫೋನಿನಲ್ಲೇ ಆಡಿದಳು. ಕೈಗೆ ಎಲ್ಲಕ್ಕಿಂತ ದೊಡ್ಡ ಎಲೆ, ಎರಡು ಎಕ್ಕ ಬಂದವು. ಇದ್ದದ್ದೆಲ್ಲ ಪಣಕ್ಕಿಟ್ಟಳು. ನಾರ್ತ್‌ವಿಂಡ್ ಈ ಸಲ ಆಟ ಬಿಡಲಿಲ್ಲ, ಸೋತ.

ಮರುಕ್ಷಣವೇ ರಾಸ್ ಫೋನ್ ಮಾಡಿದ.

“ಏನಮ್ಮಾ, ಇವತ್ತು ಕಂಪ್ಯೂಟರಲ್ಲಿ ಆಡ್ತಾ ಇಲ್ವಾ?”

“ನಾನು ಆಡ್ತಿದೀನಿ ಅಂತ ನಿಂಗ್ಯಾರಪ್ಪ ಹೇಳಿದ್ದು?”

ರಾಸ್ ಮೆಲ್ಲಗೆ ನಕ್ಕ. “ಚೆನ್ನಾಗೇ ಕಲ್ತಿದೀರ.”

ಮಾರ್ಲೀನ್ ತಟ್ಟನೆ ಫೋನ್ ಇಟ್ಟಳು. ಪಾಠಕ್ಕೆ ಸೇರುವಾಗ ಕೊಟ್ಟಿದ್ದ ಅವಳ ಮನೆಯ ವಿಳಾಸವೂ ಅವನಿಗೆ ಗೊತ್ತಿತ್ತು. ಕೋಟನ್ನೂ ಹಾಕಿಕೊಳ್ಳದೆ ಹಿಮ ತುಳಿದುಕೊಂಡು ಓಡಿ, ಪಕ್ಕದ ಮನೆಯವರು ತೆರೆಯುವವರೆಗೂ ಬಾಗಿಲು ಬಡಿದಳು.