ತೊಗಲಿನ ಒಳಮೈ

"ಅಯ್ಯೋ ಮೂರ್ಖ, ಸುಟ್ಟು ಹಾಕಲಿಲ್ಲವೇ ಇದನ್ನು!" ಎಂದುಕೊಂಡಳು ಓಟಿಲಿ. ದನ ಸಾಕುವವರ ಸಂಘದ ಗೋಡೆಯ ಮೇಲೆ ಕೆಂಪು ಗೂಳಿಯ ಇಡೀ ತೊಗಲು ಹರವಿಕೊಂಡಿತ್ತು. ಅದರ ಕೆಳಗೆ ಹೊಸ ಟೋಪಿಯ ಡೆಲ್ಮರ್ ಹಾಸ್ ಮದುವೆಮನೆಯ ಯಜಮಾನನ ಹಾಗೆ ನಿಂತು ಬಂದವರ ಕೈಕುಲುಕುತ್ತಿದ್ದ. ಓಟಿಲಿ ತಾನು ತಂದಿದ್ದ ಪೀಚ್ ಹಣ್ಣಿನ ಕೇಕನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

ಹನ್ನೊಂದು ವರ್ಷ ಅವಳು ಆ ಗೂಳಿಯ ಸಾವಿಗೇ ಕಾದಿದ್ದಳು. ಟೆಕ್ಸಸ್ಸಿನ ಈ ಸೀಮೆಯಲ್ಲಿ ಕದ್ದ ದನದ ತೊಗಲನ್ನು ಯಾವ ಕಳ್ಳನೂ ಉಳಿಸಿಕೊಳ್ಳುವುದಿಲ್ಲ. ಒಡೆಯನ ಗುರುತಿಗೆಂದು ಕಾಸಿ ಹಾಕಿದ ಬರೆಯ ಮೇಲೆ ಬೇರೆ ಬರೆ ಎಳೆದು ಊರಿನ ಕಣ್ಣಿಗೆ ಮಣ್ಣೆರಚಬಹುದು, ಆದರೆ ಸುಲಿದ ತೊಗಲನ್ನು ಮಗುಚಿದರೆ ಮೊದಲನೆಯ ಬರೆ ಎದ್ದು ಕಾಣುತ್ತದೆ. ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಡೆಲ್ಮರನಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಹೇಳಿ ಹೇಳಿ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದನೋ ಏನೋ!

ಆ ಗೂಳಿಯನ್ನು ಹುಟ್ಟಿಸಿದವನು ಅವಳ ಗಂಡ ಆಗಸ್ಟ್. ಬಿಸಿಲಿಗೆ ನಾಲಗೆ ಚಾಚಿ, ಉಣ್ಣೆಹುಳ ಹತ್ತಿ ಸೊರಗುತ್ತಿದ್ದ ಕೆಂಪು ಹಸುಗಳಿಗೆ ಕಡಲ ಕಡೆಯಿಂದ ಡುಬ್ಬದ ಗೂಳಿ ತಂದು ಕೂಡಿಸಿದ. ಹುಟ್ಟಿದ ಕರುಗಳಲ್ಲಿ ಒಳ್ಳೆಯದನ್ನು ಉಳಿಸಿ, ಕೆಟ್ಟದ್ದನ್ನು ಮಾರಿ, ಹದಿನೆಂಟು ವರ್ಷ ಅದೇ ಧ್ಯಾನ. "ಬಿಸಿಲೂ ತಡೀಬೇಕು, ತೊಡೇನೂ ತುಂಬ್ಕೋಬೇಕು ಕಣೇ" ಎನ್ನುತ್ತಿದ್ದ. ಊರವರು ಅವನ ದನಗಳನ್ನು ಆಗಸ್ಟನ ಒಂಟೆಗಳು ಎಂದು ಆಡಿಕೊಂಡರು. ಕೊನೆಗೂ ಅವನು ಬಯಸಿದಂಥದೇ ಒಂದು ಹೋರಿ ಹುಟ್ಟಿತು. ಅದರ ಪಿರ್ರೆಗೆ ತನ್ನ ಅರ್ಧಚಂದ್ರದ ಬರೆ ಹಾಕಿದ ದಿನ ಅವನು ಊಟವನ್ನೇ ಮರೆತಿದ್ದ.

ಎರಡು ವರ್ಷದ ಹೋರಿ ಹೊಳೆ ಉಕ್ಕಿದ ವಾರ ಕಾಣೆಯಾಯಿತು. ಪಕ್ಕದ ಹುಲ್ಲುಗಾವಲಿನ ಡೆಲ್ಮರ್ ತಾನೇ ಜೊತೆಗೆ ಬಂದು ಹುಡುಕಿದ, ಕೊಚ್ಚಿಕೊಂಡು ಹೋಗಿರಬೇಕೆಂದು ಕಣ್ಣೊರೆಸಿಕೊಂಡ. ವರ್ಷ ಕಳೆದ ಮೇಲೆ ಅವನ ಮಂದೆಯಲ್ಲಿ ಒಂದು ಕೆಂಪು ಗೂಳಿ ಕಾಣಿಸಿತು. ಪಿರ್ರೆಯ ಮೇಲೆ ಡೆಲ್ಮರನ ಗಾಡಿಚಕ್ರದ ಬರೆ. ಅರ್ಧಚಂದ್ರವನ್ನು ಚಕ್ರ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಆಗಸ್ಟ್ ಕೂಗಾಡಿದ, ಪೊಲೀಸರ ಹತ್ತಿರ ಹೋದ. ಕುಡಿದು ಬಡಬಡಿಸುತ್ತಾನೆ ಎಂದರು. ಅದೇ ಕೊರಗಿನಲ್ಲಿ ಸತ್ತ. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಡೆಲ್ಮರನೇ ಮೊದಲಿಗ. ಆ ಹೆಗಲನ್ನು ಓಟಿಲಿ ಒಂದು ದಿನವೂ ಮರೆತಿರಲಿಲ್ಲ.

ಇವತ್ತು ಆ ತಳಿಗೆ ಹೆಸರಿಟ್ಟು ದಾಖಲೆ ಮಾಡುವ ದಿನ. ಕಾರ್ಯದರ್ಶಿ ಪ್ರೂಯಿಟ್ ಹೊಸ ವಂಶಪುಸ್ತಕವನ್ನು ಬಿಚ್ಚಿಟ್ಟಿದ್ದ. ಒಂದನೆಯ ಪುಟದ ಒಂದನೆಯ ಸಾಲಿಗೆ ಮೂಲ ಗೂಳಿ, ಅದರ ಪಕ್ಕದಲ್ಲಿ ತಳಿ ಕಟ್ಟಿದವನ ಹೆಸರು. ಅದಕ್ಕೂ ಮೊದಲು ನೆರೆಯವರೊಬ್ಬರು ಬರೆಯನ್ನು ನೋಡಿ ಅದು ಯಾರದೆಂದು ಗಟ್ಟಿಯಾಗಿ ಹೇಳಬೇಕು. ಅದು ನಿಯಮ.

"ನಮ್ಮ ಓಟಿಲಿ ಅತ್ತಿಗೇನೇ ಹೇಳ್ಲಿ" ಎಂದ ಡೆಲ್ಮರ್, ಎಲ್ಲರಿಗೂ ಕೇಳುವಂತೆ. "ಹಳೇದೆಲ್ಲ ಮರೆತಾಯ್ತಲ್ಲ, ಅತ್ತಿಗೆ?"

"ಮರೀದೆ ಇನ್ನೇನಪ್ಪ" ಎನ್ನುತ್ತ ಎದ್ದಳು. ಗೋಡೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು. "ವಯಸ್ಸಾಯ್ತು ನೋಡು, ಕೂದಲಲ್ಲಿ ಏನೂ ತಿಳೀತಿಲ್ಲ. ಎಲಿಜಿಯೋ, ಇದನ್ನ ಸ್ವಲ್ಪ ಮಗುಚಿ ಹಿಡಿಯಪ್ಪ."

ಅವಳ ಮನೆಯ ಹಳೆಯ ಆಳು ಎಲಿಜಿಯೋ ಬಾಗಿಲ ಬಳಿಯಿಂದ ಬಂದ. ಡೆಲ್ಮರ್ ಅಡ್ಡ ನಿಂತ. ಮುಖದ ನಗು ಹಾಗೇ ಇತ್ತು, ಬಣ್ಣ ಮಾತ್ರ ಇಳಿದಿತ್ತು.

"ಯಾಕತ್ತಿಗೆ, ಈ ಕಡೆ ಚೆನ್ನಾಗೇ ಕಾಣ್ತಿದ್ಯಲ್ಲ?"

"ಚೆನ್ನಾಗಿದ್ರೆ ಆ ಕಡೆ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನ ಮುದುಕನೊಬ್ಬ ಊರುಗೋಲು ಕುಟ್ಟಿ, "ಜರುಗೋ ಡೆಲ್ಮರ್" ಎಂದ. ಡೆಲ್ಮರ್ ಜರುಗಿದ. ಎಲಿಜಿಯೋ ಮೊಳೆ ಕಿತ್ತು ತೊಗಲನ್ನು ಮಗುಚಿದ.

ಬಿಳಿಚಿದ ಒಳಮೈಯಲ್ಲಿ ಅರ್ಧಚಂದ್ರ ದಪ್ಪಗೆ, ಕಪ್ಪಗೆ ಇತ್ತು. ಕರುವಿನ ಜೊತೆಗೇ ಬೆಳೆದು ಅಂಗೈಯಗಲ ಆಗಿತ್ತು. ಅದಕ್ಕೆ ಆಮೇಲೆ ಅಂಟಿಸಿದ ಇನ್ನರ್ಧ ಮತ್ತು ಚಕ್ರದ ಕಡ್ಡಿಗಳು ತೆಳ್ಳಗೆ, ಮಬ್ಬಾಗಿ ಬೇರೆಯೇ ಕಾಣುತ್ತಿದ್ದವು.

"ಅರ್ಧಚಂದ್ರ" ಎಂದಳು ಓಟಿಲಿ. "ಆಗಸ್ಟ್ ಕ್ರೌಸನ ಬರೆ."

ಪ್ರೂಯಿಟ್ ಕನ್ನಡಕ ತೆಗೆದು, "ಪೊಲೀಸರಿಗೆ ಹೇಳಿಕಳಿಸ್ತೀನಮ್ಮ" ಎಂದ. ಡೆಲ್ಮರ್ ಅವಳ ಕಿವಿಯ ಹತ್ತಿರ ಬಗ್ಗಿ, "ಇಬ್ಬರ ಹೆಸರೂ ಹಾಕೋಣ ಅತ್ತಿಗೆ, ನಿಮ್ಮ ಕಾಲು ಹಿಡೀತೀನಿ" ಎಂದು ಪಿಸುಗುಟ್ಟಿದ.

"ಪೊಲೀಸು ಬೇಡ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಜೈಲಾದ್ರೆ ನಾಲ್ಕು ವರ್ಷಕ್ಕೆ ಮುಗಿದುಹೋಗುತ್ತೆ. ಇವನ ಮಂದೆಯೆಲ್ಲ ಈ ಗೂಳಿ ಸಂತಾನ ಅಲ್ವಾ? ಇಟ್ಕೊಳ್ಲಿ. ಆದ್ರೆ ಹುಟ್ಟೋ ಒಂದೊಂದು ಕರುವಿನ ಕಾಗದದ ಮೇಲೂ ತಳಿ ಕಟ್ಟಿದವನು ಆಗಸ್ಟ್ ಕ್ರೌಸ್ ಅಂತ ಇವನ ಕೈಯಲ್ಲೇ ಬರೀಬೇಕು. ಸಾಯೋವರೆಗೂ. ಮೊದಲನೇದು ಈಗ್ಲೇ, ಇಲ್ಲೇ."

ಪ್ರೂಯಿಟ್ ಪುಸ್ತಕವನ್ನು ಡೆಲ್ಮರನ ಕಡೆಗೆ ತಿರುಗಿಸಿದ. ಅವನು ಟೋಪಿ ತೆಗೆದು ಬಗ್ಗಿ ಬರೆಯತೊಡಗಿದ.

"ದಪ್ಪಕ್ಷರದಲ್ಲಿ ಬರಿಯಪ್ಪ. ನಂಗೆ ಕಣ್ಣು ಮಂಜು" ಎಂದಳು ಓಟಿಲಿ. ಆಮೇಲೆ ಕೇಕು ಕತ್ತರಿಸಿ, ಮೊದಲನೆಯ ತುಂಡನ್ನು ತಟ್ಟೆಗೆ ಹಾಕಿ ಅವನ ಮುಂದೆಯೇ ಇಟ್ಟಳು.

ಮರುದಿನ ಬೆಳಿಗ್ಗೆ ಎಲಿಜಿಯೋ ಸಂಘದಿಂದ ತಂದ ತೊಗಲನ್ನು ಓಟಿಲಿಯ ಮನೆಮುಂದಿನ ರಸ್ತೆಬದಿಯ ಬೇಲಿಗೆ ಕಟ್ಟಿದ, ಒಳಮೈ ಹೊರಗೆ ಮಾಡಿ. ಡೆಲ್ಮರನ ಹುಲ್ಲುಗಾವಲಿಗೆ ಇರುವುದು ಅದೊಂದೇ ದಾರಿ.

"ಮಳೆ ಬಂದ್ರೆ ಹಾಳಾಗುತ್ತಲ್ಲಮ್ಮ?"

"ಮಳೆಗಾಲಕ್ಕಿನ್ನೂ ಐದು ತಿಂಗಳಿದೆ" ಎಂದು ಅವಳು ವರಾಂಡಕ್ಕೆ ಕುರ್ಚಿ ಎಳೆದುಕೊಂಡು ಬಂದು, ರಸ್ತೆಗೆ ಮುಖ ಮಾಡಿ ಹಾಕಿದಳು.