ಸಾಬೂನು ನಾರುವ ಮರಿ

ಒದ್ದೆ ಉಣ್ಣೆ, ಹುಳಿತ ಹಾಲು, ಬಿಸಿಲಿಗೆ ಒಣಗಿದ ಹಿಕ್ಕೆ — ಚಿಕ್ಕಂದಿನಲ್ಲಿ ಹುಕ್ಕೇರಿಯ ಹೊಲದಲ್ಲಿ ಕುರಿಗಾರ ಬೀರಸಿದ್ದಪ್ಪ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ ಬೆಳಗುಗಳ ಆ ವಾಸನೆ, ಅಪ್ಪನ ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡರೂ ಒಳಗೆ ನುಗ್ಗುತ್ತಿದ್ದ ವಾಸನೆ, ಅದು ಎಲ್ಲಿ ಹೋಯಿತು, ಮಡಿಲಲ್ಲಿ ಕುರಿಮರಿ ಇದೆ, ಬೆಚ್ಚಗಿದೆ, ನಾರುವುದು ಮಾತ್ರ ಬರೀ ಸಾಬೂನು, ಶಿವಗಂಗವ್ವ ಮತ್ತೆ ಬಗ್ಗಿ ಮೂಸಿದಳು, ಹೌದು, ಸಾಬೂನೇ, ಗೋಕಾಕದ ದವಾಖಾನೆಯ ಪಡಸಾಲೆಯಲ್ಲಿ ಅರವತ್ತು ದಾಟಿದವಳೊಬ್ಬಳು ಕುರಿಮರಿ ಮೂಸುತ್ತ ಕೂತಿದ್ದಾಳೆ, ನಗಲಿ, ಸಾಲಿ ಕಲಿಸಿದ ಅಕ್ಕಾರಿಗೆ ತಲಿ ಕೆಟ್ಟೈತಿ ಅನ್ನಲಿ, ಒಳಗೆ ಲಗಮವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳಲ್ಲ, ಮುಷ್ಟಿ ಬಿಗಿದುಕೊಂಡು. ಮಮದಾಪುರದ ಕಡೆ ಕುರಿ ಕಾಯುವಾಗ ಕಲ್ಲಿನಿಂದ ಜಾರಿ ಕಾಲು ಮುರಿದುಕೊಂಡವಳು, ಗಂಡನಾದರೂ ಎಷ್ಟು ದಿನ ಕಾದಾನು, ಕುರಿಗೆ ಮೇವು ಬೇಕು, ಹಿಂಡು ಹೊಡೆದುಕೊಂಡು ಮುಂದಿನ ಊರಿಗೆ ಹೋದ, ಅಂದಿನಿಂದ ಇವಳು ಮಾತು ಬಿಟ್ಟಳು, ಊಟ ಬಿಟ್ಟಳು, ತುತ್ತು ಒಡ್ಡಿದರೂ ಮುಷ್ಟಿ, ಕೈ ಹಿಡಿದರೂ ಮುಷ್ಟಿ, ಹಿಂಗ ಉಪಾಸ ಬಿದ್ರ ಜೀವ ಉಳಿಯೂದಿಲ್ರಿ ಎಂದುಬಿಟ್ಟ ಡಾಕ್ಟರ, ಮಳೆ-ಬಿಸಿಲಿನ ಸುದ್ದಿ ಹೇಳಿದ ಹಾಗೆ.

ಗುರುವಾರಕ್ಕೊಮ್ಮೆ ರೋಗಿಗಳನ್ನು ಮಾತಾಡಿಸಲು ಬರುವ ಶಿವಗಂಗವ್ವನೇ ಕಂಡಿದ್ದಳು, ಓಣಿಯ ನಾಯಿಯೊಂದು ಒಳಗೆ ನುಗ್ಗಿದಾಗ ಆ ಮುಷ್ಟಿ ಅರೆಗಳಿಗೆ ಸಡಿಲಿತ್ತು, ಬೆರಳು ನಾಯಿಯ ಬೆನ್ನು ಹುಡುಕಿತ್ತು, ಅಷ್ಟರಲ್ಲಿ ಆಯಾ ಸುಂದ್ರವ್ವನ ಕಸಬರಿಗೆ ಅದನ್ನು ಹೊರಗಟ್ಟಿತ್ತು! ಮೂಕಪ್ರಾಣಿ ಬಾಜೂಕ್ಕಿದ್ದರೆ ಎದೆಬಡಿತ ಇಳಿಯುತ್ತದೆ, ಹಸಿವು ಮರಳುತ್ತದೆ, ಒಂದು ಕುರಿಮರಿ ತರುತ್ತೇನೆ ಎಂದು ಡಾಕ್ಟರ ಬೆನ್ನು ಹತ್ತಿ ಹತ್ತಿ ಹೇಳಿದಳು, ಸ್ವರಾಜ್ಯ ಬಂತಂತ ಕುರಿನೂ ವಾರ್ಡಿಗೆ ಬರಬೇಕೇನ್ರಿ ಬಾಯಾರ, ಎಂದ, ಕಡೆಗೆ ಬೇಸತ್ತು ಒಪ್ಪಿದ, ಸಾಬಾಣ ಹಚ್ಚಿ ತೊಳದು ತರ್ರಿ ಮತ್ತ. ಮೂಡಲಗಿಯ ತಂಗಿಯ ಮನೆಯಿಂದ ಮರಿ ತಂದು, ಬಸ್ಸಿನಲ್ಲಿ ಕಂಡಕ್ಟರನ ಬೈಗುಳ ತಿಂದು, ಉಜ್ಜಿ ಉಜ್ಜಿ ಮಲ್ಲಿಗೆ ಹೂವಿನ ಹಾಗೆ ಬಿಳಿ ಮಾಡಿದಳು, ಮಗ್ಗುಲಲ್ಲಿ ಇಟ್ಟಳು, ಲಗಮವ್ವ ಮೂಸಿದಳು, ಇಷ್ಟು ದಿನಕ್ಕೆ ಬಾಯಿ ಬಿಟ್ಟಳು — ಯಾರದಿದು, ನಾರಾಕತ್ತೈತಿ, ತಗೀರಿ. ಮತ್ತೆ ಗೋಡೆ, ಮತ್ತೆ ಮುಷ್ಟಿ. ಸುಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕುರಿ ಕಾಯಾಕಿಗೆ ಕುರಿ ನಾರತೈತಂತ್ರಿ ಅಕ್ಕಾರ, ಇನ್ನ ನಾಳಿ ಎಮ್ಮಿ ತರ್ರಿ!

ತನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಅದೇ ಸಿಟ್ಟು, ಅಂದು ಹುಕ್ಕೇರಿಯಲ್ಲಿ ಹಳ್ಳಕ್ಕೆ ಬಿದ್ದು ತೊಯ್ದು ಬಂದ ಮರಿಯನ್ನು ತಾಯಿಕುರಿ ಮೂಸಿ ಗುದ್ದಿ ಉರುಳಿಸಿತ್ತು, ಬೀರಸಿದ್ದಪ್ಪ ಅದರ ಹಾಲನ್ನೇ ಹಿಂಡಿ ಮರಿಯ ಮೈಗೆಲ್ಲ ಸವರಿದ್ದ, ಆಮೇಲೆ ತಾಯಿ ಮೊಲೆಗೆ ಬಿಟ್ಟುಕೊಂಡಿತ್ತು, ತಂಗೆವ್ವಾ, ಕುರಿ ಕಣ್ಣೀಲೆ ಗುರುತ ಹಿಡಿಯೂದಿಲ್ಲ, ಮೂಗೀಲೆ ಹಿಡೀತೈತಿ — ಇಷ್ಟು ಕೇಳಿಯೂ ತೊಳೆದಳಲ್ಲ, ಧಾರವಾಡದ ಕಾಲೇಜು ಓದಿ ಏನು ಸುಟ್ಟಳು, ಈಗ ತಾಯಿಕುರಿ ಎಲ್ಲಿಂದ ತರಲಿ, ಹಿಂಡು ಎಲ್ಲಿಂದ — ಕಂಬಳಿ. ಲಗಮವ್ವ ಬಂದ ದಿನ ಹೊದ್ದಿದ್ದ ಕರಿ ಕಂಬಳಿ! ಸುಂದ್ರವ್ವಾ, ಆಕಿ ಕಂಬಳಿ ಎಲ್ಲೈತಿ? ಸುಟ್ಟ ಬಿಡು ಅಂದಿದ್ರರಿ ಡಾಕ್ಟರ. ಸುಟ್ಟಿಯೇನ? ಸುಂದ್ರವ್ವ ಕಟ್ಟಿಗೆ ಕೋಣೆಗೆ ಹೋದಳು, ಬಂದಳು, ಕೈಯಲ್ಲಿ ನೀಟಾಗಿ ಮಡಿಚಿದ ಕಂಬಳಿ, ಮಡಿಕೆಯಲ್ಲಿ ಬೇವಿನೆಲೆ, ಹೊದಿಯೂದನ್ನ ಸುಡಾಕ ಮನಸಾಗಲಿಲ್ರಿ, ಡಾಕ್ಟರಗೆ ಹೇಳಬ್ಯಾಡ್ರಿ ಮತ್ತ.

ಶಿವಗಂಗವ್ವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಿಕ್ಕಿದಳು, ತೊಳೆದದ್ದಕ್ಕಿಂತ ಜೋರಾಗಿ ತಿಕ್ಕಿದಳು, ಲಗಮವ್ವನ ಹಾಸಿಗೆಯ ಮೇಲೆ ಇಟ್ಟಳು, ಇಟ್ಟ ಕೂಡಲೇ ಉಚ್ಚೆ ಹೊಯ್ಯಬೇಕೇ ಅದು, ಬಿಳೀ ಚಾದರದ ಮೇಲೆ, ಡಾಕ್ಟರು ಬರುವ ಹೊತ್ತು, ಸುಂದ್ರವ್ವನೂ ಸರಸರ ಹೊರಗೆ ಹೋದಳು, ಕಸಬರಿಗೆ ತರಲಿಕ್ಕೇ ಇರಬೇಕು, ಮುಗಿಯಿತು, ಎಲ್ಲ ಮುಗಿಯಿತು, ಮುಷ್ಟಿ ಇನ್ನೂ ಬಿಗಿದೇ ಇದೆ — ಇಲ್ಲ, ಮುಖ ಗೋಡೆಗೇ ಇದ್ದರೂ ಮೂಗಿನ ಹೊಳ್ಳೆ ಅರಳಿತು, ಒಂದು ಬೆರಳು ಉಣ್ಣೆಯೊಳಗೆ ಹೋಯಿತು, ಇನ್ನೊಂದು, ಬಂದಿಯೇನ ನನ ಕೂಸ, ಎಂದಳು ಲಗಮವ್ವ, ಹೊರಳಿದಳು, ಸುಂದ್ರವ್ವ ಬಂದು ನಿಂತಿದ್ದಳು, ಕೈಯಲ್ಲಿ ಕಸಬರಿಗೆ ಇಲ್ಲ, ತನ್ನ ಬುತ್ತಿಯ ಗಂಟು, ಬಿಚ್ಚಿದಳು, ಜೋಳದ ರೊಟ್ಟಿ, ಪುಂಡಿಪಲ್ಯ, ಒಡ್ಡಿದಳು, ಆ ಮುಷ್ಟಿ — ಮುಷ್ಟಿಯಲ್ಲ, ಅಂಗೈ, ಬಿಚ್ಚಿದ ಅಂಗೈ, ಅದರ ಮೇಲೆ ರೊಟ್ಟಿ